ಗ್ಯಾಸ್ ಗೀಸರು, ಪಾರಿವಾಳ ಮತ್ತು ಹಿಮೋಗ್ಲೋಬಿನ್

ಡೊಂಬಿವಲಿಯ ನಮ್ಮ ಫ್ಲ್ಯಾಟಿನ ಬಚ್ಚಲುಮನೆಯ ಸಣ್ಣ ಕಿಟಕಿಗೆ ಗಾಜಿನ ಪಟ್ಟಿಗಳಿದ್ದವು. ಅದರಲ್ಲಿ ಎರಡು ಒಡೆದಿದ್ದವು. ಆ ಸಂದಿಯಿಂದ ಪಾರಿವಾಳ ಒಳಗೆ ಬರುವುದು, ಬಕೆಟ್ಟಿನ ಮೇಲೆ ಹೊಲಸು ಮಾಡುವುದು, ನಮ್ಮಾಕಿ ದಿನಾ ಬೆಳಿಗ್ಗೆ ಬೈಯುವುದು ನಡೆದೇ ಇತ್ತು. ಮುಂಬಯಿಯಲ್ಲಿ ಇದ್ದವರಿಗೆ ಪಾರಿವಾಳದ ಕಾಟ ಬಿಡಿಸಿ ಹೇಳಬೇಕಿಲ್ಲ. 2018ರ ದೀಪಾವಳಿಯ ಹೊತ್ತಿಗೆ ನಾನು ಒಂದು ದಪ್ಪ ಪ್ಲಾಸ್ಟಿಕ್ ಶೀಟು ತಂದು, ನಾಲ್ಕೂ ಕಡೆ ಟೇಪು ಹಚ್ಚಿ ಆ ಕಿಟಕಿಯನ್ನು ಭದ್ರವಾಗಿ ಮುಚ್ಚಿದೆ. ಅದೇ ತಿಂಗಳು ಕರೆಂಟ್ ಬಿಲ್ಲು ಉಳಿಯಲಿ ಅಂತ ಗ್ಯಾಸ್ ಗೀಸರನ್ನೂ ಹಾಕಿಸಿದೆ. ಎರಡೂ ಕೆಲಸ ಮಾಡಿದವನು ನಾನೇ. ಬಣ್ಣದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಗಾಜಿನ ನಳಿಕೆ ತೊಳೆದವನು, ಕೆಮಿಸ್ಟ್ರಿ ಓದಿದವನು!

2019ರ ಜನವರಿಯಲ್ಲಿ ಅಕ್ಕನ ಮಗ ಇಂಟರ್‌ವ್ಯೂಗೆ ಅಂತ ಧಾರವಾಡದಿಂದ ಬಂದ. ಬೆಳಿಗ್ಗೆ ಸ್ನಾನಕ್ಕೆ ಹೋದವನು ಇಪ್ಪತ್ತು ನಿಮಿಷವಾದರೂ ಹೊರಗೆ ಬರಲಿಲ್ಲ. ಹುಡುಗರು, ಬಿಸಿನೀರು, ಇರಲಿ ಬಿಡು ಅಂದುಕೊಂಡೆವು. ಆಮೇಲೆ ಧಡ್ ಅಂತ ಸದ್ದಾಯಿತು. ಪಕ್ಕದ ಮನೆಯ ಕಾಕಾರನ್ನು ಕರೆದು ಚಿಲಕ ಮುರಿದಾಗ ನೆಲದ ಮೇಲೆ ಬಿದ್ದಿದ್ದ. ಮುಖ ಕೆಂಪಗೆ, ಲಕ್ಷಣವಾಗಿ ಇತ್ತು. ಹೊರಗೆ ಎಳೆದು ಗಾಳಿ ಹಾಕಿದ ಮೇಲೆ ಕಣ್ಣು ಬಿಟ್ಟು, "ಮಾಮಾ, ತಲಿ ಸಿಡಿಲಿಕ್ಕತ್ತದ" ಅಂದ.

ಹತ್ತಿರದ ನರ್ಸಿಂಗ್ ಹೋಮಿಗೆ ಒಯ್ದೆವು. ಬೆರಳಿಗೆ ಚಿಮಟಿ ಹಾಕಿ ನೋಡಿದರು, 98 ಬಂತು. ಆಕ್ಸಿಜನ್ ಚೆನ್ನಾಗಿದೆ, ಖಾಲಿ ಹೊಟ್ಟೆ, ಪಿತ್ತ, ಅಂತ ಮಾತ್ರೆ ಕೊಟ್ಟು ಕಳಿಸಿದರು. ಮನೆಗೆ ಬಂದರೆ ವಾಂತಿ. ಹಳೆಯ ಕಾರ್ಖಾನೆಯ ಸೇಫ್ಟಿ ಆಫೀಸರ್ ಗೆಳೆಯನಿಗೆ ಫೋನ್ ಮಾಡಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: ಬಚ್ಚಲಿನಲ್ಲಿ ಯಾವ ಗೀಸರು? ನನಗೆ ಆಗ ಕಾಲಕೆಳಗಿನ ನೆಲ ಕುಸಿಯಿತು. ದೊಡ್ಡ ಆಸ್ಪತ್ರೆಯಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡಿದಾಗ, ಅವನ ಹಿಮೋಗ್ಲೋಬಿನ್‌ನಲ್ಲಿ ನೂರಕ್ಕೆ 28 ಪಾಲು ಕಾರ್ಬನ್ ಮೊನಾಕ್ಸೈಡ್ ಹಿಡಿದುಕೊಂಡು ಕೂತಿತ್ತು. ಆರು ತಾಸು ಬಿಗಿಯಾದ ಆಕ್ಸಿಜನ್ ಮಾಸ್ಕು ಹಾಕಿ ಮಲಗಿಸಿದರು. ಬದುಕಿದ. ಈಗ ಪುಣೆಯಲ್ಲಿ ನೌಕರಿಯಲ್ಲಿದ್ದಾನೆ.

ಆ ಆರು ತಾಸು ಕಾರಿಡಾರಿನ ಬೆಂಚಿನ ಮೇಲೆ ಕೂತು ನಾನು ಯೋಚಿಸಿದ್ದು ಒಂದೇ. ಈ ಹಾಳು ಅನಿಲ ಹಿಡಿದುಕೊಂಡದ್ದನ್ನು ಬಿಡುತ್ತದೆಯೇ? ಬಿಟ್ಟರೆ ಎಷ್ಟು ಹೊತ್ತಿಗೆ? ಇದನ್ನೆಲ್ಲ ಯಾರು, ಯಾವಾಗ ಕಂಡುಹಿಡಿದರು? ಆಮೇಲೆ ಒಂದೊಂದೇ ಪುಸ್ತಕ ಹುಡುಕಿ ಓದಿದೆ. ಓದಿದ್ದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ.

*

ರಕ್ತ ಕೆಂಪು ಅಂತ ಎಲ್ಲರಿಗೂ ಗೊತ್ತು. ಆದರೆ ಅದು ಎರಡು ಬಗೆಯ ಕೆಂಪು. ಅಪಧಮನಿಯದ್ದು ಕುಂಕುಮದಂತೆ, ಅಭಿಧಮನಿಯದ್ದು ನೇರಳೆ ಹಣ್ಣಿನ ರಸದ ಕಡೆಗೆ. ಈ ಬಣ್ಣದ ವಸ್ತುವಿಗೆ ಹಿಮೋಗ್ಲೋಬಿನ್ ಅಂತ ಹೆಸರಿಟ್ಟವನು ಜರ್ಮನಿಯ ಹೊಪ್ಪೆ-ಸೈಲರ್, 1864ರಲ್ಲಿ. ಅದೇ ವರ್ಷ ಕೇಂಬ್ರಿಜ್‌ನ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಒಂದು ಸರಳ ಪ್ರಯೋಗ ಮಾಡಿದ. ಈತ ದ್ರವಗಳ ಹರಿವಿನ ಗಣಿತಕ್ಕೆ ಹೆಸರಾದವನು, ವೈದ್ಯನಲ್ಲ. ರಕ್ತದ ತಿಳಿ ದ್ರಾವಣಕ್ಕೆ ಆಮ್ಲಜನಕ ಕಿತ್ತುಕೊಳ್ಳುವ ಕಬ್ಬಿಣದ ಲವಣ ಹಾಕಿದ, ಬಣ್ಣ ನೇರಳೆಯಾಯಿತು. ಗಾಳಿಯ ಜೊತೆ ಅಲುಗಾಡಿಸಿದ, ಮತ್ತೆ ಕೆಂಪಾಯಿತು. ಬಿಟ್ಟರೆ ಮತ್ತೆ ನೇರಳೆ. ಎಷ್ಟು ಸಲ ಬೇಕಾದರೂ.

ಈ "ಎಷ್ಟು ಸಲ ಬೇಕಾದರೂ" ಅನ್ನುವುದರಲ್ಲಿಯೇ ಗುಟ್ಟಿದೆ. ಕಬ್ಬಿಣಕ್ಕೆ ಆಮ್ಲಜನಕ ಸೇರಿದರೆ ತುಕ್ಕು ಹಿಡಿಯುತ್ತದೆ, ತುಕ್ಕು ತಾನಾಗಿ ಹಿಂದೆ ಬರುವುದಿಲ್ಲ. ಹಿಮೋಗ್ಲೋಬಿನ್‌ನಲ್ಲಿಯೂ ಕಬ್ಬಿಣವೇ ಇರುವುದು. ಆದರೆ ಅಲ್ಲಿ ಆಮ್ಲಜನಕ ಬಂದು ಕೂರುತ್ತದೆ, ಎದ್ದು ಹೋಗುತ್ತದೆ, ಕಬ್ಬಿಣ ಇದ್ದ ಹಾಗೆ ಇರುತ್ತದೆ. ಹಿಡಿಯುವುದಷ್ಟೇ ಗೊತ್ತಿದ್ದು ಬಿಡುವುದು ಗೊತ್ತಿಲ್ಲದಿದ್ದರೆ ರಕ್ತದಿಂದ ಮೂರು ಕಾಸಿನ ಪ್ರಯೋಜನವಿಲ್ಲ.

ಲೆಕ್ಕ ನೋಡಿ. ನೂರು ಮಿಲಿಲೀಟರ್ ರಕ್ತದಲ್ಲಿ ಸುಮಾರು 15 ಗ್ರಾಂ ಹಿಮೋಗ್ಲೋಬಿನ್. ಒಂದೊಂದು ಗ್ರಾಂ ಸುಮಾರು 1.34 ಮಿಲಿಲೀಟರ್ ಆಮ್ಲಜನಕ ಹೊರುತ್ತದೆ ಅಂತ 1894ರಲ್ಲಿ ಹ್ಯುಫ್ನರ್ ಅಳೆದು ಹೇಳಿದ. ಒಟ್ಟು 20 ಮಿಲಿಲೀಟರ್ ಆಯಿತು. ಹಿಮೋಗ್ಲೋಬಿನ್ ಇಲ್ಲದೆ ಬರೀ ನೀರಿನಲ್ಲಿ ಕರಗಿ ಬರುವುದು 0.3 ಮಿಲಿಲೀಟರ್ ಮಾತ್ರ.

*

ಇದ್ದಿಲ ಹೊಗೆ ಕೊಲ್ಲುತ್ತದೆ ಎಂದು ಜನಕ್ಕೆ ಹಿಂದಿನಿಂದಲೂ ಗೊತ್ತಿತ್ತು. ಹೇಗೆ ಕೊಲ್ಲುತ್ತದೆ ಎಂದು ಗೊತ್ತಿರಲಿಲ್ಲ. 1850ರ ದಶಕದಲ್ಲಿ ಪ್ಯಾರಿಸ್ಸಿನ ಕ್ಲೋಡ್ ಬರ್ನಾರ್ಡ್, ಕಾರ್ಬನ್ ಮೊನಾಕ್ಸೈಡ್ ಕುಡಿಸಿ ಸಾಯಿಸಿದ ನಾಯಿಯ ಮೈ ಕೊಯ್ದು ನೋಡಿದಾಗ ಅಭಿಧಮನಿಯ ರಕ್ತವೂ ಕಡುಗೆಂಪಾಗಿತ್ತು. ಈ ಅನಿಲ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ ಎಂದು ಅವನು ತೋರಿಸಿದ.

ಆದರೆ ಈ ಕತೆಯಲ್ಲಿ ನನಗೆ ಹತ್ತಿರದವನಾಗಿ ಕಂಡವನು ಜಾನ್ ಸ್ಕಾಟ್ ಹಾಲ್ಡೇನ್. ಆಕ್ಸ್‌ಫರ್ಡಿನ ಮೀಸೆಯ ಮನುಷ್ಯ. ಬೇರೆಯವರ ಮೇಲೆ ಮಾಡುವ ಪ್ರಯೋಗವನ್ನು ಮೊದಲು ತನ್ನ ಮೇಲೆ ಮಾಡಿಕೊಳ್ಳುತ್ತಿದ್ದ. 1895ರಲ್ಲಿ ಕಾರ್ಬನ್ ಮೊನಾಕ್ಸೈಡ್ ಬೆರೆಸಿದ ಗಾಳಿಯನ್ನು ತಾನೇ ಉಸಿರಾಡುತ್ತ, ನಡುನಡುವೆ ಬೆರಳು ಚುಚ್ಚಿ ರಕ್ತ ತೆಗೆದು, ಎಷ್ಟು ತುಂಬಿದೆ ಎಂದು ಅಳೆಯುತ್ತ ಕೂತ. ಅಳೆಯುವ ರೀತಿಯೂ ಸರಳ. ಸಾದಾ ರಕ್ತವನ್ನು ನೀರಿನಲ್ಲಿ ತೆಳುವಾಗಿ ಕಲಸಿದರೆ ಹಳದಿ ಛಾಯೆ ಬರುತ್ತದೆ, ಮೊನಾಕ್ಸೈಡ್ ಹಿಡಿದ ರಕ್ತ ಗುಲಾಬಿಯಾಗುತ್ತದೆ. ಎಷ್ಟು ಗುಲಾಬಿ ಎಂದು ಕೆಂಪು ಬಣ್ಣದ ದ್ರಾವಣದ ಜೊತೆ ಹೋಲಿಸಿ ನೋಡುವುದು. (ಬಣ್ಣದ ಕಾರ್ಖಾನೆಯಲ್ಲಿ ಶೇಡು ಹೊಂದಿಸುತ್ತ ಆಯುಷ್ಯ ಕಳೆದ ನನಗೆ ಇದನ್ನು ಓದಿದಾಗ ಆ ಮನುಷ್ಯನ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು.) ಹಾಲ್ಡೇನ್ ತನ್ನ ರಕ್ತ ನೂರಕ್ಕೆ 56ರಷ್ಟು ತುಂಬುವವರೆಗೆ ಹೋದ. ನಿಲ್ಲಲು ಆಗುತ್ತಿರಲಿಲ್ಲ. ನನ್ನ ಅಳಿಯನದ್ದು 28. ಅದರ ಎರಡು ಪಟ್ಟಿಗೆ ಇವನು ಬೇಕೆಂದೇ ಹೋಗಿ ಬಂದಿದ್ದ.

ಇನ್ನೊಂದು ಪ್ರಯೋಗ ಇದಕ್ಕಿಂತ ಚೆಂದ. ಇಲಿಯೊಂದನ್ನು ಜಾಡಿಯಲ್ಲಿಟ್ಟು, ಮಾಮೂಲಿನಲ್ಲಿ ಖಂಡಿತ ಸಾಯಬೇಕಾದಷ್ಟು ಮೊನಾಕ್ಸೈಡ್ ಬಿಟ್ಟ. ಜೊತೆಗೆ ಎರಡು ವಾತಾವರಣದ ಒತ್ತಡದಲ್ಲಿ ಶುದ್ಧ ಆಮ್ಲಜನಕವನ್ನೂ ತುಂಬಿದ. ಇಲಿ ಸಾಯಲಿಲ್ಲ. ಅದರ ಹಿಮೋಗ್ಲೋಬಿನ್ ಎಲ್ಲ ಮೊನಾಕ್ಸೈಡಿನ ಪಾಲಾಗಿತ್ತು, ಆದರೂ ಒತ್ತಡದಿಂದ ರಕ್ತದ ನೀರಿನಲ್ಲಿ ಕರಗಿದ ಆಮ್ಲಜನಕವೇ ಅದಕ್ಕೆ ಸಾಕಾಯಿತು. ಅಂದರೆ ಈ ಅನಿಲ ಬೇರೆ ರೀತಿಯ ವಿಷವಲ್ಲ, ಅದು ಮಾಡುವ ಅಪರಾಧ ಮುಖ್ಯವಾಗಿ ಒಂದೇ: ಕೂರುವ ಜಾಗ ಹಿಡಿಯುವುದು.

1896ರ ಜನವರಿ 27ರಂದು ವೇಲ್ಸ್‌ನ ಟೈಲರ್ಸ್‌ಟೌನ್ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ 57 ಜನ ಸತ್ತರು. ಹಾಲ್ಡೇನ್ ಹೋಗಿ ಹೆಣಗಳನ್ನು ಪರೀಕ್ಷಿಸಿದ. ಸ್ಫೋಟದ ಪೆಟ್ಟಿಗೆ ಸತ್ತವರು ಕೆಲವರೇ. ಹೆಚ್ಚಿನವರು ಆಮೇಲೆ ಸುರಂಗದಲ್ಲಿ ಹಬ್ಬಿದ ಮೊನಾಕ್ಸೈಡಿಗೆ ಸತ್ತಿದ್ದರು. ಅವರ ಮೈಯೂ ಕೆಂಪಗೆ ಇತ್ತು. ಗಣಿಗೆ ಇಳಿಯುವವರು ಸಣ್ಣ ಪ್ರಾಣಿಯೊಂದನ್ನು ಜೊತೆಗೆ ಒಯ್ಯಬೇಕು ಎಂದು ಅವನು ಸಲಹೆ ಕೊಟ್ಟ. ಮೊದಲು ಇಲಿ, ಆಮೇಲೆ ಕ್ಯಾನರಿ ಹಕ್ಕಿ. ಹಕ್ಕಿಯ ಉಸಿರಾಟ ಚುರುಕು, ಆದ್ದರಿಂದ ಮನುಷ್ಯನಿಗಿಂತ ಎಷ್ಟೋ ಮೊದಲು ಅದು ಕೋಲಿನಿಂದ ಕೆಳಗೆ ಬೀಳುತ್ತದೆ. ಬಿದ್ದ ಹಕ್ಕಿಯನ್ನು ಬದುಕಿಸಲು ಪುಟ್ಟ ಆಕ್ಸಿಜನ್ ಸಿಲಿಂಡರ್ ಕಟ್ಟಿದ ಪಂಜರಗಳೂ ಬಂದವು. 1986ರಲ್ಲಿ ಬ್ರಿಟನ್ನಿನ ಗಣಿಗಳಿಂದ ಅವನ್ನು ಬಿಡಿಸಿ ಎಲೆಕ್ಟ್ರಾನಿಕ್ ಯಂತ್ರ ಕೊಡುವ ತೀರ್ಮಾನವಾಯಿತು.

ಗಣಿಯವರು ಹಕ್ಕಿಯನ್ನು ಒಳಗೆ ಒಯ್ಯುತ್ತಿದ್ದರು. ನಾನು ಹಕ್ಕಿ ಒಳಗೆ ಬರಬಾರದೆಂದು ಟೇಪು ಹಚ್ಚಿದ್ದೆ.

*

ಇರಲಿ. ಹಾಲ್ಡೇನ್‌ಗೆ ಮಗನೊಬ್ಬನಿದ್ದ, ಜೆ.ಬಿ.ಎಸ್. ಹಾಲ್ಡೇನ್. ಹೌದು, 1957ರಲ್ಲಿ ಇಂಗ್ಲೆಂಡ್ ಬಿಟ್ಟು ಕಲ್ಕತ್ತೆಯ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿಗೆ ಬಂದು, ಭಾರತದ ಪೌರನಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಅದೇ ಹಾಲ್ಡೇನ್. ಚಿಕ್ಕವನಿದ್ದಾಗ ಅಪ್ಪ ಅವನನ್ನು ಗಣಿಗಳಿಗೆ ಕರೆದುಕೊಂಡು ಹೋಗುತ್ತಿದ್ದ. 1912ರಲ್ಲಿ ಅಪ್ಪ, ಮಗ ಮತ್ತು ಡಗ್ಲಸ್ ಸೇರಿ ಒಂದು ಪ್ರಬಂಧ ಬರೆದರು. ಮಗನಿಗೆ ಆಗ ಹತ್ತೊಂಬತ್ತು ವರ್ಷ. ಆಮ್ಲಜನಕ, ಮೊನಾಕ್ಸೈಡ್ ಎರಡೂ ಇದ್ದಾಗ ಹಿಮೋಗ್ಲೋಬಿನ್ ಯಾರಿಗೆ ಎಷ್ಟು ಎನ್ನುವ ನಿಯಮ ಅದರಲ್ಲಿದೆ. ಮೊನಾಕ್ಸೈಡಿನ ಹಿಡಿತ ಸುಮಾರು 200ರಿಂದ 250 ಪಟ್ಟು ಬಲ. 210 ಪಟ್ಟು ಅಂತಲೇ ಇಟ್ಟುಕೊಳ್ಳಿ. ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21. ಹಾಗಾದರೆ ಮೊನಾಕ್ಸೈಡ್ ನೂರಕ್ಕೆ 0.1, ಅಂದರೆ ಸಾವಿರದಲ್ಲಿ ಒಂದು ಪಾಲು ಇದ್ದರೂ ಸಾಕು, ಹೊತ್ತು ಹೋದಂತೆ ಅರ್ಧ ರಕ್ತ ಅದರದ್ದಾಗುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಗೀಸರು ಉರಿದು ಉರಿದು ಆಮ್ಲಜನಕ ಕಮ್ಮಿಯಾದಾಗ ಗ್ಯಾಸು ಪೂರ್ತಿ ಸುಡದೆ ಈ ಮೊನಾಕ್ಸೈಡ್ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ.

ನನಗೆ ಮೊದಲು ತಲೆಗೆ ಹೋಗದ ಸಂಗತಿ ಒಂದಿತ್ತು. 210 ಪಟ್ಟು ಬಲ ಅಂದರೆ ಮೊನಾಕ್ಸೈಡ್ 210 ಪಟ್ಟು ವೇಗದಲ್ಲಿ ಬಂದು ಹತ್ತುತ್ತದೆ ಅಂತ ತಿಳಿದಿದ್ದೆ. ಹಾಗಲ್ಲ. ಹತ್ತುವುದರಲ್ಲಿ ಅದು ಆಮ್ಲಜನಕಕ್ಕಿಂತ ನಿಧಾನವೇ. ಆದರೆ ಒಮ್ಮೆ ಕೂತರೆ ಏಳುವುದಿಲ್ಲ. ಆಮ್ಲಜನಕ ಸೆಕೆಂಡಿನ ಸಣ್ಣ ಪಾಲಿನಲ್ಲಿ ಎದ್ದು ಹೋಗುತ್ತದೆ, ಇದು ಅದರ ಸಾವಿರಾರು ಪಟ್ಟು ಹೊತ್ತು ಅಂಟಿಕೊಂಡಿರುತ್ತದೆ. ಬಲವಾದ ಹಿಡಿತ ಅಂದರೆ ಬೇಗ ಹಿಡಿಯುವುದಲ್ಲ, ತಡವಾಗಿ ಬಿಡುವುದು.

ಇಷ್ಟು ಚುರುಕಾಗಿ ನಡೆಯುವುದನ್ನು ಅಳೆದವರು ಕೇಂಬ್ರಿಜ್‌ನ ಹಾರ್ಟ್ರಿಜ್ ಮತ್ತು ರಫ್ಟನ್, 1923ರಲ್ಲಿ. ಎಲೆಕ್ಟ್ರಾನಿಕ್ ಉಪಕರಣಗಳಿಲ್ಲದ ಕಾಲ. ಸೆಕೆಂಡಿನ ಸಾವಿರದಲ್ಲೊಂದು ಪಾಲನ್ನು ಯಾವ ಗಡಿಯಾರದಲ್ಲಿ ನೋಡುವುದು? ಅವರು ಎರಡು ದ್ರಾವಣಗಳನ್ನು ರಭಸದಿಂದ ಒಂದು ನಳಿಕೆಗೆ ನುಗ್ಗಿಸಿ, ಬೆರೆತ ಜಾಗದಿಂದ ಇಷ್ಟು ದೂರದಲ್ಲಿ ಬಣ್ಣ ಎಷ್ಟು ಬದಲಾಗಿದೆ, ಇನ್ನಷ್ಟು ದೂರದಲ್ಲಿ ಎಷ್ಟು ಎಂದು ನೋಡುತ್ತ ಹೋದರು. ಹರಿವಿನ ವೇಗ ಗೊತ್ತಿದ್ದರೆ ದೂರವೇ ಹೊತ್ತು. ಕಲ್ಯಾಣ್ ಬಿಟ್ಟ ಲೋಕಲ್ ಠಾಕುರ್ಲಿ ದಾಟಿತೆಂದರೆ ಇಂತಿಷ್ಟು ನಿಮಿಷವಾಯಿತು ಅಂತ ನಾವು ಕೈಗಡಿಯಾರ ನೋಡದೆ ಹೇಳುವುದಿಲ್ಲವೇ, ಹಾಗೆ.

*

ಲೋಕಲ್ ಗಾಡಿಯ ಮಾತು ಬಂತಲ್ಲ, ಅದನ್ನೇ ಇಟ್ಟುಕೊಂಡು ಮುಂದಿನದು ಹೇಳುತ್ತೇನೆ.

1904ರಲ್ಲಿ ಕೋಪನ್‌ಹೇಗನ್ನಿನ ಕ್ರಿಶ್ಚಿಯನ್ ಬೋರ್ (ಪರಮಾಣುವಿನ ನೀಲ್ಸ್ ಬೋರ್‌ನ ತಂದೆ), ಹ್ಯಾಸೆಲ್‌ಬಾಲ್ಕ್ ಮತ್ತು ಕ್ರೋಗ್ ಸೇರಿ, ಆಮ್ಲಜನಕದ ಒತ್ತಡ ಏರಿಸುತ್ತ ಹೋದರೆ ರಕ್ತ ಎಷ್ಟೆಷ್ಟು ತುಂಬುತ್ತದೆ ಎಂಬ ಗೆರೆ ಎಳೆದರು. ಅದು ಸರಾಗವಾದ ಬಿಲ್ಲಿನ ಹಾಗೆ ಇರಲಿಲ್ಲ. ಮೊದಲು ತೆವಳುತ್ತ, ನಡುವೆ ಜಿಗಿದು, ಆಮೇಲೆ ಚಪ್ಪಟೆಯಾಗುವ ಡೊಂಕು ಗೆರೆ. ಕಾರ್ಬನ್ ಡೈಆಕ್ಸೈಡ್ ಸೇರಿಸಿದರೆ ಗೆರೆ ಬಲಕ್ಕೆ ಸರಿಯುತ್ತಿತ್ತು, ಅಂದರೆ ರಕ್ತ ಆಮ್ಲಜನಕವನ್ನು ಸುಲಭವಾಗಿ ಬಿಡುತ್ತಿತ್ತು. ದುಡಿಯುವ ಸ್ನಾಯುವಿನಲ್ಲಿ ಡೈಆಕ್ಸೈಡ್ ಹೆಚ್ಚು. ಎಲ್ಲಿ ಬೇಕೋ ಅಲ್ಲಿಯೇ ಇಳಿಸುವ ಏರ್ಪಾಟು! ಇದಕ್ಕೆ ಇವತ್ತಿಗೂ ಬೋರ್ ಪರಿಣಾಮ ಎಂದೇ ಹೆಸರು.

ಗೆರೆ ಏಕೆ ಡೊಂಕು? 1910ರಲ್ಲಿ ಎ.ವಿ. ಹಿಲ್ ಎಂಬ ಇಪ್ಪತ್ಮೂರರ ಹುಡುಗ ಅದಕ್ಕೊಂದು ಚಿಕ್ಕ ಸೂತ್ರ ಬರೆದ. ಹಿಮೋಗ್ಲೋಬಿನ್ ಅಣುಗಳು ಗುಂಪುಗೂಡಿ ಇರಬಹುದು, ಗುಂಪಿನ ಗಾತ್ರಕ್ಕೆ ಒಂದು ಸಂಖ್ಯೆ ಇಡೋಣ ಎಂದ. ರಕ್ತಕ್ಕೆ ಆ ಸಂಖ್ಯೆ ಎರಡೂವರೆ, ಎರಡೂಮುಕ್ಕಾಲು ಹೀಗೆ ಬರುತ್ತಿತ್ತು. ಎರಡೂಮುಕ್ಕಾಲು ಅಣು ಅಂದರೇನು? ಅವನ ಊಹೆ ತಪ್ಪಿತ್ತು, ಆದರೆ ಸೂತ್ರ ಉಳಿಯಿತು. ಔಷಧ ಕಂಪನಿಗಳಲ್ಲಿ ಇವತ್ತಿಗೂ ಆ ಹಿಲ್ ಸಂಖ್ಯೆಯ ಲೆಕ್ಕ ಹಾಕುತ್ತಾರೆ. ತಪ್ಪು ದಾರಿಯಿಂದ ಸರಿ ಊರಿಗೆ ಬಂದವರು ವಿಜ್ಞಾನದಲ್ಲಿ ಬಹಳ ಜನ.

1925ರಲ್ಲಿ ಗಿಲ್ಬರ್ಟ್ ಅಡೇರ್ ಹಿಮೋಗ್ಲೋಬಿನ್ನಿನ ಅಣುತೂಕವನ್ನು ಅತಿ ತಾಳ್ಮೆಯಿಂದ ಅಳೆದ. ಸುಮಾರು 67,000 ಬಂತು. ಕಬ್ಬಿಣದ ಪ್ರಮಾಣದಿಂದ ಲೆಕ್ಕ ಹಾಕಿದರೆ ಒಂದು ಕಬ್ಬಿಣಕ್ಕೆ 16,700ರಷ್ಟು ತೂಕ. ಅಂದರೆ ಒಂದು ಅಣುವಿನಲ್ಲಿ ನಾಲ್ಕು ಕಬ್ಬಿಣ, ಆಮ್ಲಜನಕಕ್ಕೆ ನಾಲ್ಕು ಸೀಟು. ಒಂದಾದ ಮೇಲೊಂದು ತುಂಬುತ್ತವೆ ಎಂದು ಅಡೇರ್ ನಾಲ್ಕು ಮೆಟ್ಟಿಲಿನ ಸೂತ್ರ ಬರೆದ.

ನಾನು 1983ರಲ್ಲಿ ಮೀರಜ್‌ನಲ್ಲಿ ಮೀಟರ್ ಗೇಜ್ ಗಾಡಿ ಇಳಿದು ದೊಡ್ಡ ಗಾಡಿ ಹತ್ತಿ ಈ ಊರಿಗೆ ಬಂದವನು. ಇಲ್ಲಿ ಕಲಿತ ಮೊದಲ ಪಾಠ ನಾಲ್ಕನೇ ಸೀಟು. ಲೋಕಲ್ಲಿನ ಬೆಂಚು ಇರುವುದು ಮೂರು ಜನಕ್ಕೆ. ಮೊದಲನೆಯವನು ಹಾಯಾಗಿ ಕಿಟಕಿಗೆ ಕೂರುತ್ತಾನೆ, ಎರಡನೆಯವನೂ ಸುಖ, ಮೂರನೆಯವನು ಸರಿ, ನಾಲ್ಕನೆಯವನು "ಜರಾ ಸರ್ಕಾ ನಾ" ಅನ್ನುತ್ತ ಅರ್ಧ ಕುಂಡೆ ಊರಿ ಠಾಣೆಯವರೆಗೆ ನೇತಾಡುತ್ತಾನೆ. ಹಿಮೋಗ್ಲೋಬಿನ್‌ನಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಮೊದಲ ಸೀಟು ಹಿಡಿಯುವುದೇ ಕಷ್ಟ. ಒಬ್ಬ ಕೂತರೆ ಎರಡನೆಯವನಿಗೆ ಸುಲಭ, ನಾಲ್ಕನೆಯವನಿಗೆ ಎಲ್ಲಕ್ಕಿಂತ ಸುಲಭ. ಹಾಗೆಯೇ ಒಬ್ಬ ಎದ್ದರೆ ಉಳಿದವರಿಗೂ ಏಳಬೇಕೆನ್ನಿಸುತ್ತದೆ. ಅದಕ್ಕೇ ಗೆರೆ ಡೊಂಕು. ಶ್ವಾಸಕೋಶದಲ್ಲಿ ನೂರಕ್ಕೆ 97–98 ತುಂಬುವ ಗಾಡಿ, ವಿಶ್ರಾಂತಿಯಲ್ಲಿರುವ ದೇಹದಲ್ಲಿ ಸುಮಾರು 75ಕ್ಕೆ ಇಳಿಯುತ್ತದೆ, ಓಡುವಾಗ ಇನ್ನೂ ಕೆಳಗೆ.

ಈಗ ಮೊನಾಕ್ಸೈಡಿನ ಎರಡನೆಯ ಅಪರಾಧ ನೋಡಿ. ಹಾಲ್ಡೇನ್ ಅಪ್ಪ-ಮಗನ ಪ್ರಬಂಧದಲ್ಲಿ ಇದೂ ಇದೆ. ಎರಡು ಸೀಟಿನಲ್ಲಿ ಮೊನಾಕ್ಸೈಡ್ ಗಟ್ಟಿಯಾಗಿ ಕೂತರೆ, ಉಳಿದೆರಡು ಸೀಟಿನ ಆಮ್ಲಜನಕವೂ ಏಳದೆ ಕೂರುತ್ತದೆ. ಹಾಗಾಗಿ ಅರ್ಧ ರಕ್ತ ಕಳೆದುಕೊಂಡ ಬಡಕಲು ಮನುಷ್ಯ ಓಡಾಡಿಕೊಂಡಿರುತ್ತಾನೆ. ಅರ್ಧ ಹಿಮೋಗ್ಲೋಬಿನ್ ಮೊನಾಕ್ಸೈಡಿಗೆ ಹೋದವನು ಏಳಲಾರ. ರಕ್ತದಲ್ಲಿ ಆಮ್ಲಜನಕ ಇದೆ, ಆದರೆ ಇಳಿಯುವುದಿಲ್ಲ.

*

ಒಂದು ಸೀಟಿನ ಸುದ್ದಿ ಇನ್ನೊಂದು ಸೀಟಿಗೆ ಹೇಗೆ ಮುಟ್ಟುತ್ತದೆ? ಇದಕ್ಕೆ ಉತ್ತರ ಹುಡುಕಲು ಒಬ್ಬ ಮನುಷ್ಯ ತನ್ನ ಆಯುಷ್ಯವನ್ನೇ ಕೊಟ್ಟ. ಮ್ಯಾಕ್ಸ್ ಪೆರುಟ್ಜ್, ವಿಯೆನ್ನಾದ ಬಟ್ಟೆ ಗಿರಣಿಯವರ ಮನೆಯ ಮಗ, 1914ರಲ್ಲಿ ಹುಟ್ಟಿದವನು. 1936ರಲ್ಲಿ ಕೇಂಬ್ರಿಜ್‌ಗೆ ಬಂದ. ಮರುವರ್ಷ ಪ್ರಾಗ್‌ನಲ್ಲಿ ತನ್ನ ಕಸಿನ್ನಿನ ಗಂಡ ಫೆಲಿಕ್ಸ್ ಹೌರೊವಿಟ್ಸ್‌ನನ್ನು ಭೇಟಿಯಾದಾಗ, ಹಿಮೋಗ್ಲೋಬಿನ್ ಹಿಡಿ ಎಂದು ಅವನು ಹೇಳಿದ. ಈ ಹೌರೊವಿಟ್ಸ್ ಕಂಡ ಒಂದು ನೋಟ ನನಗೆ ಬಹಳ ಇಷ್ಟ. ಆಮ್ಲಜನಕ ಇಲ್ಲದ ಹಿಮೋಗ್ಲೋಬಿನ್ನಿನ ನೇರಳೆ ಹರಳುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಿದ್ದ. ಆರು ಮೂಲೆಯ ಬಿಲ್ಲೆಗಳು. ಗಾಜಿನ ಅಂಚಿನಿಂದ ಗಾಳಿ ಮೆಲ್ಲಗೆ ಒಳಗೆ ಬಂದಂತೆ ಬಿಲ್ಲೆಗಳು ಕರಗಿ, ಅಲ್ಲೇ ಕೆಂಪು ಸೂಜಿಯಂಥ ಹರಳುಗಳು ಮೂಡಿದವು. ಆಮ್ಲಜನಕ ಕೂತರೆ ಬಣ್ಣವಷ್ಟೇ ಅಲ್ಲ, ಅಣುವಿನ ಆಕಾರವೇ ಬದಲಾಗುತ್ತದೆ ಎಂದಾಯಿತು.

ಪೆರುಟ್ಜ್‌ನ ದಾರಿ ಮಾತ್ರ ಬಹಳ ಉದ್ದ. ಯುದ್ಧದಲ್ಲಿ, 1940ರಲ್ಲಿ, ಆಸ್ಟ್ರಿಯಾದವನೆಂದು ಬ್ರಿಟಿಷರು ಅವನನ್ನು ಶತ್ರು ದೇಶದವನ ಲೆಕ್ಕದಲ್ಲಿ ಹಿಡಿದು ಕೆನಡಾಕ್ಕೆ ಸಾಗಿಸಿದರು. ಹಿಟ್ಲರನಿಗೆ ಅವನು ಯೆಹೂದಿ, ಬ್ರಿಟಿಷರಿಗೆ ಅವನು ಶತ್ರು! ಮರುವರ್ಷ ಬಿಡುಗಡೆಯಾಗಿ ಮತ್ತೆ ಹರಳಿನ ಮುಂದೆ ಕೂತ. ಹರಳಿನ ಮೂಲಕ ಎಕ್ಸ್‌ರೇ ಹಾಯಿಸಿದರೆ ಚುಕ್ಕಿಗಳು ಬೀಳುತ್ತವೆ, ಆ ಸಾವಿರಾರು ಚುಕ್ಕಿಗಳಿಂದ ಅಣುವಿನ ಆಕಾರ ಬಿಡಿಸಬೇಕು. ವರ್ಷಗಟ್ಟಲೆ ಅದು ಬಿಡಿಸಲಾಗದ ಒಗಟಾಗಿತ್ತು. 1953ರಲ್ಲಿ ಪಾದರಸದ ಪರಮಾಣುವನ್ನು ಅಣುವಿಗೆ ಅಂಟಿಸಿ ಚುಕ್ಕಿಗಳ ವ್ಯತ್ಯಾಸ ನೋಡುವ ಉಪಾಯ ಫಲಿಸಿತು. 1959ರಲ್ಲಿ ಮೊದಲ ಸ್ಥೂಲ ರೂಪ ಕಂಡಿತು. ಪ್ರಾಗ್‌ನ ಮಾತಿನಿಂದ ಇಪ್ಪತ್ತೆರಡು ವರ್ಷ. 1962ರಲ್ಲಿ ಜೊತೆಗಾರ ಕೆಂಡ್ರ್ಯೂ ಜೊತೆ ನೊಬೆಲ್ ಬಂತು.

ನೊಬೆಲ್ ಬಂತು, ಉತ್ತರ ಬರಲಿಲ್ಲ. ನಾಲ್ಕು ಕಬ್ಬಿಣಗಳು ಒಂದಕ್ಕೊಂದು ಹತ್ತಿರ ಇರುತ್ತವೆ, ತಾಗಿಕೊಂಡು ಮಾತಾಡುತ್ತವೆ ಎಂದು ಎಲ್ಲರೂ ಅಂದುಕೊಂಡಿದ್ದರು. ನೋಡಿದರೆ ಅವು ದೂರ ದೂರ, ಬೇರೆ ಬೇರೆ ಗೂಡಿನಲ್ಲಿ. 1963ರ ಹೊತ್ತಿಗೆ ಹಿಲರಿ ಮ್ಯೂರ್‌ಹೆಡ್ ಮತ್ತು ಪೆರುಟ್ಜ್ ಆಮ್ಲಜನಕ ಇಲ್ಲದ ರೂಪವನ್ನೂ ಬಿಡಿಸಿ, ಅಣುವಿನ ಭಾಗಗಳು ಒಂದರ ಮೇಲೊಂದು ಜರುಗುವುದನ್ನು ತೋರಿಸಿದರು. 1965ರಲ್ಲಿ ಪ್ಯಾರಿಸ್ಸಿನ ಮೊನೊ ಮತ್ತು ಶಾಂಜು, ಅಮೆರಿಕದ ವೈಮನ್ ಸೇರಿ, ಇಂಥ ಅಣುಗಳಿಗೆ ಬಿಗಿ, ಸಡಿಲ ಎಂಬ ಎರಡು ಭಂಗಿಗಳಿವೆ, ನಾಲ್ಕೂ ಭಾಗಗಳು ಒಟ್ಟಿಗೆ ಭಂಗಿ ಬದಲಿಸುತ್ತವೆ ಎಂದು ವಾದಿಸಿದರು. 1970ರಲ್ಲಿ ಪೆರುಟ್ಜ್ ಪೂರ್ತಿ ಯಂತ್ರವನ್ನು ಬಿಚ್ಚಿ ತೋರಿಸಿದ.

ಕಬ್ಬಿಣ ಒಂದು ಚಪ್ಪಟೆ ತಟ್ಟೆಯ ನಡುವೆ ಇರುತ್ತದೆ. ಆಮ್ಲಜನಕ ಇಲ್ಲದಾಗ ಅದು ಸ್ವಲ್ಪ ದಪ್ಪ, ತಟ್ಟೆಯ ತೂತಿನಲ್ಲಿ ಹಿಡಿಸದೆ ಒಂದು ಬದಿಗೆ ಉಬ್ಬಿ ನಿಂತಿರುತ್ತದೆ. ಆಮ್ಲಜನಕ ಬಂದು ಕೂತರೆ ಕಬ್ಬಿಣ ಸಣ್ಣದಾಗಿ ತೂತಿನೊಳಗೆ ಇಳಿಯುತ್ತದೆ. ಇಳಿಯುವ ದೂರ ಒಂದು ಮಿಲಿಮೀಟರನ್ನು ಎರಡೂವರೆ ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲಿನಷ್ಟು. ಅಷ್ಟೇ. ಆದರೆ ಕಬ್ಬಿಣಕ್ಕೆ ಪ್ರೋಟೀನಿನ ಒಂದು ಕೈ ಕಟ್ಟಿದೆ. ಕಬ್ಬಿಣ ಇಳಿದಾಗ ಅದೂ ಎಳೆಯಲ್ಪಡುತ್ತದೆ, ಅದರಿಂದ ಪಕ್ಕದ್ದು, ಅದರಿಂದ ಇನ್ನೊಂದು. ಭಾಗ ಭಾಗಗಳ ನಡುವೆ ಧನ ಮತ್ತು ಋಣ ವಿದ್ಯುದಂಶಗಳು ಒಂದನ್ನೊಂದು ಸೆಳೆದುಕೊಂಡು ಕಟ್ಟಿದ ಲವಣ ಸೇತುವೆಗಳಿವೆ. ಈ ಎಳೆತಕ್ಕೆ ಅವು ಒಂದೊಂದಾಗಿ ಕಡಿಯುತ್ತವೆ, ಅಣು ಸಡಿಲ ಭಂಗಿಗೆ ಬರುತ್ತದೆ, ಉಳಿದ ಸೀಟುಗಳು ತೆರೆದುಕೊಳ್ಳುತ್ತವೆ. ಬೋರ್ ಪರಿಣಾಮಕ್ಕೂ ಇಲ್ಲೇ ಉತ್ತರ ಸಿಕ್ಕಿತು. ಡೈಆಕ್ಸೈಡ್ ಹೆಚ್ಚಾದರೆ ರಕ್ತ ಆಮ್ಲೀಯವಾಗುತ್ತದೆ, ಹೈಡ್ರೋಜನ್ ಅಯಾನುಗಳು ಬಂದು ಕೂತು ಲವಣ ಸೇತುವೆಗಳನ್ನು ಮತ್ತೆ ಕಟ್ಟುತ್ತವೆ, ಅಣು ಬಿಗಿಯಾಗಿ ಆಮ್ಲಜನಕವನ್ನು ಹೊರಗೆ ದೂಡುತ್ತದೆ. ದಾದರ್ ಬಂದಾಗ ಇಳಿಯಬೇಕೆಂದು ಮನಸ್ಸಿಲ್ಲದಿದ್ದರೂ ಹಿಂದಿನವರು ಇಳಿಸುವ ಹಾಗೆ.

ಇದರ ಕೆಲವು ವಿವರಗಳ ಮೇಲೆ ಆಮೇಲೂ ಜಗಳ ನಡೆದವು. ಪೆರುಟ್ಜ್ 2002ರಲ್ಲಿ ತೀರಿಕೊಳ್ಳುವವರೆಗೂ ಹಿಮೋಗ್ಲೋಬಿನ್ನಿನ ಕೈ ಬಿಡಲಿಲ್ಲ.

*

ಇನ್ನು ಆ ಬೆರಳ ಚಿಮಟಿ. 2021ರಲ್ಲಿ ಮನೆಮನೆಗೂ ಬಂದಿತ್ತು, ಅದರ ಮೇಲಿನ ಅಂಕಿಯನ್ನು ಜಪ ಮಾಡಿದ ಹಾಗೆ ನೋಡುತ್ತಿದ್ದೆವು. ಅದನ್ನು ಯೋಚಿಸಿದವರು ಜಪಾನಿನ ತಕುವೊ ಅವೊಯಾಗಿ, 1974ರಲ್ಲಿ. ಅವರು ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ, ಜಗತ್ತೆಲ್ಲ ಅವರ ಯಂತ್ರಕ್ಕೆ ಬೆರಳು ಕೊಟ್ಟಿದ್ದ ಹೊತ್ತಿನಲ್ಲಿ. ಕೆಂಪು ಬೆಳಕು ಮತ್ತು ಕಣ್ಣಿಗೆ ಕಾಣದ ಅವಗೆಂಪು ಬೆಳಕು, ಎರಡನ್ನೂ ಬೆರಳಿನ ಮೂಲಕ ಹಾಯಿಸಿ, ನಾಡಿ ಮಿಡಿಯುವ ರಕ್ತದ ಬಣ್ಣವನ್ನು ಅದು ಅಳೆಯುತ್ತದೆ. ಸ್ಟೋಕ್ಸ್ ಕಂಡ ಅದೇ ಕೆಂಪು-ನೇರಳೆ. ಆದರೆ ಮೊನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ ಆ ಕೆಂಪು ಬೆಳಕಿಗೆ ಆಮ್ಲಜನಕ ಹಿಡಿದದ್ದರ ಹಾಗೆಯೇ ಕಾಣುತ್ತದೆ. ಕ್ಲೋಡ್ ಬರ್ನಾರ್ಡ್ ನೋಡಿದ ಕಡುಗೆಂಪೇ ಚಿಮಟಿಗೆ 98 ಆಗುತ್ತದೆ. ಯಂತ್ರ ಸುಳ್ಳು ಹೇಳಲಿಲ್ಲ, ಅದಕ್ಕೆ ಗೊತ್ತಿದ್ದದ್ದೇ ಅಷ್ಟು. ಮೊನಾಕ್ಸೈಡ್ ಅಳೆಯಬೇಕೆಂದರೆ ರಕ್ತ ತೆಗೆದು ಬೇರೆ ಯಂತ್ರಕ್ಕೆ ಕೊಡಬೇಕು, ಅಥವಾ ಇನ್ನೂ ಹೆಚ್ಚು ಬಗೆಯ ಬೆಳಕು ಬಳಸುವ ವಿಶೇಷ ಚಿಮಟಿ ಬೇಕು. ಗ್ಯಾಸ್ ಗೀಸರಿನ ಬಚ್ಚಲಿನಲ್ಲಿ ಯಾರಾದರೂ ತಲೆ ತಿರುಗಿ ಬಿದ್ದರೆ ಡಾಕ್ಟರಿಗೆ ಮೊದಲು ಗೀಸರಿನ ವಿಷಯ ಹೇಳಿ. ನಾವು ಹೇಳಿರಲಿಲ್ಲ. ಅವರು ಕೇಳಲಿಲ್ಲ.

ಮತ್ತೆ ನನ್ನ ಬೆಂಚಿನ ಪ್ರಶ್ನೆ, ಬಿಡುತ್ತದೆಯೇ? ಬಿಡುತ್ತದೆ. ಮಾಮೂಲು ಗಾಳಿಯಲ್ಲಿ ಅರ್ಧಕ್ಕೆ ಇಳಿಯಲು ನಾಲ್ಕೈದು ತಾಸು. ಶುದ್ಧ ಆಕ್ಸಿಜನ್ ಕೊಟ್ಟರೆ ಒಂದರಿಂದ ಒಂದೂವರೆ ತಾಸು. ಹೆಚ್ಚು ಒತ್ತಡದ ಕೋಣೆಯಲ್ಲಿ ಅರ್ಧ ತಾಸಿಗೂ ಕಮ್ಮಿ. ಆಮ್ಲಜನಕದ ಜನಜಂಗುಳಿ ಹೆಚ್ಚಿಸಿದಷ್ಟೂ, ಅಪರೂಪಕ್ಕೆ ಎದ್ದ ಮೊನಾಕ್ಸೈಡಿಗೆ ತಿರುಗಿ ಕೂರಲು ಸೀಟು ಸಿಗುವುದಿಲ್ಲ. 28, 14, 7, ಮೂರೂವರೆ. ಜಾಡಿಯೊಳಗಿನ ಆ ಇಲಿಗೆ ನಾವು ಋಣಿಗಳು.

ಅಕ್ಕನಿಗೆ ಅಂದು ಗೀಸರಿನ ಗ್ಯಾಸು ಲೀಕ್ ಆಗಿತ್ತು ಅಂತ ಹೇಳಿದ್ದೆ. ಪ್ಲಾಸ್ಟಿಕ್ ಶೀಟಿನ ವಿಷಯ ಹೇಳಿರಲಿಲ್ಲ. ಶೀಟು ಅದೇ ದಿನ ಕಿತ್ತು ಒಗೆದೆ, ಗೀಸರೂ ಹೋಯಿತು, ಹಳೆಯ ಕರೆಂಟಿನದ್ದು ಮತ್ತೆ ಬಂತು, ಕಿಟಕಿಗೆ ತಂತಿ ಬಲೆ ಹಾಕಿಸಿದೆ. ಇದನ್ನು ಬರೆಯುವ ಮೊದಲು ಕಳೆದ ವಾರ ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಶೀಟು, ಟೇಪು, ಪಾರಿವಾಳ ಎಲ್ಲ. ಆಕಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮಾರಿ ಕೆಂಪಗಿತ್ತು ಅಂದಿದ್ಯಲ್ಲೋ ಆವತ್ತ. ಅದನ್ನ ನೋಡಿ ಹುಡುಗ ಛಲೋ ಅದಾನ ಅಂದ್ಕೊಂಡ್ರೇನು?" ಅಂತ ಕೇಳಿದಳು.

ಆ ಕೆಂಪು ಬಿಸಿನೀರಿನದೇ ಇರಬೇಕು, ಮೊನಾಕ್ಸೈಡಿನ ಕೆಂಪು ಹೆಚ್ಚಾಗಿ ಕಾಣುವುದು ಸತ್ತ ಮೇಲೆಯೇ, ಅಂತ ಪುಸ್ತಕದಲ್ಲಿ ಓದಿದ್ದು ಬಾಯಿಗೆ ಬಂತು. ಹೇಳಲಿಲ್ಲ.

"ಹೌದಕ್ಕಾ, ಹಂಗs ಅಂದ್ಕೊಂಡಿದ್ವಿ" ಅಂದೆ.